ಚಪ್ಪಲಿಯ ಕಪ್ಪೆ

ನಮ್ಮ ಮನೆಯಲ್ಲಿ ಈಗ ಹವಾಯಿ ಚಪ್ಪಲಿ ಹೊರಗೆ ಬಿಡುವ ಹಾಗಿಲ್ಲ ಮಾರಾಯ್ರೆ. ಬಾರು ತುಂಡಾದದ್ದು ಕಂಡರೆ ಸಾಕು, ಮಗ ಬ್ಲೇಡ್ ಹಿಡ್ಕೊಂಡು ಬರ್ತಾನೆ. ಮೂಡುಬಿದಿರೆಯ ನಾದಿನಿ ಮೊನ್ನೆ ಬಂದವಳು ನನ್ನ ಚಪ್ಪಲಿ ಹಾಕ್ಕೊಂಡು ವಾಪಸು ಹೋದದ್ದು. ಎಂತ ಕಥೆ ಅಂತ ಕೇಳಿದವರಿಗೆಲ್ಲ ಒಟ್ಟಿಗೇ ಇಲ್ಲಿ ಹೇಳ್ತೇನೆ.

ನಮ್ಮ ಮಾವನಿಗೆ ಗಾಳದ ಮರ್ಲು. ಬೇಸಿಗೆಯಲ್ಲಿ ಪಾಣೆಮಂಗಳೂರಿನ ಹಳೆ ಸಂಕದ ಹತ್ತಿರ ನೇತ್ರಾವತಿಗೆ, ಮಳೆಗಾಲದಲ್ಲಿ ತೋಟದ ಕೆರೆಗೆ. ಕೆರೆಯ ಮಡೆಂಜಿ ಅಂದ್ರೆ ಜೀವ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ ಹೋಯ್ತು. ಆದರೂ ಒಂದು ದಿನ ಯಾರಿಗೂ ಹೇಳದೆ ಕೆರೆ ಬದಿಗೆ ಹೋಗಿ ಜಾರಿ ಬಿದ್ರು. ಅವತ್ತು ಗಾಳದ ಕೋಲನ್ನು ಅಟ್ಟಕ್ಕೆ ಹಾಕಿದ್ದು ನಾನೇ. ಅಲ್ಲಿಂದ ಅವರು ಜಗಲಿಯ ಕುರ್ಚಿಯಲ್ಲಿ. ಊಟ ಆಯ್ತಾ ಕೇಳಿದ್ರೆ ಒಂದು ‘ಹೂಂ’, ಅಷ್ಟೇ ಮಾತು.

ಈ ಸಲ ಮಳೆ ಹಿಡಿದ ಮೇಲೆ ಮಗನಿಗೆ ಗಾಳ ಹಾಕುವ ಆಸೆ ಬಂತು. ಹಿಂದೆ ಮಾವ ಜೀವಂತ ಕಪ್ಪೆಯನ್ನೇ ಗಾಳಕ್ಕೆ ಸಿಕ್ಕಿಸ್ತಿದ್ರು. ನಾನು ಬೆಳ್ತಂಗಡಿ ಕಡೆಯವಳು, ಶಿಶಿಲದ ಹೊಳೆಯಲ್ಲಿ ದೇವರ ಮೀನು ನೋಡಿಕೊಂಡು ಬೆಳೆದವಳು. ಮೀನು ತಿಂತೇನೆ, ಆದರೆ ಕಪ್ಪೆ ಒದ್ದಾಡುದು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ದೊಡ್ಡ ಗೋಂಕರು ಕಪ್ಪೆ ಹಿಡಿಯುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು ಕೂಡ. “ಅಮೆರಿಕದವರು ಬಾಸ್ ಮೀನಿಗೆ ಫೋಮಿನ ಕಪ್ಪೆ ಮಾಡ್ತಾರಮ್ಮ, ನಾವೂ ಮಾಡುವ” ಅಂದ ಮಗ.

ಚಪ್ಪಲಿಯ ಅಟ್ಟೆಯಿಂದ ಎರಡೂವರೆ ಇಂಚಿನ ತುಂಡು ಕತ್ತರಿಸಿದೆವು. ಹೊಟ್ಟೆ ಸೀಳಿ ಗಾಳ ಕೂರಿಸಿ ಅಂಟು ಹಾಕಿದೆವು. ಹಾವಸೆಗೆ ಸಿಕ್ಕಬಾರದಲ್ಲ, ಹಾಗಾಗಿ ಗಾಳದ ಮೊನೆ ಬೆನ್ನಿನ ಮೇಲೆ ಬರಬೇಕು. ಕಾಲಿಗೆ ಸೈಕಲ್ ಟ್ಯೂಬಿನ ಸಪೂರ ಪಟ್ಟಿ. ಬಟ್ಟೆ ನೆನೆಸುವ ಟಬ್ಬಿನಲ್ಲಿ ಬಿಟ್ಟರೆ ಕಪ್ಪೆ ಮಗುಚಿ ಬಿತ್ತು, ಕಾಲು ಆಕಾಶಕ್ಕೆ. ಇನ್ನೊಂದು ಮಾಡಿದರೆ ಅದೂ ಹಾಗೇ.

“ಹೊಟ್ಟೆಯಲ್ಲಿ ಭಾರ ಇಲ್ಲ ಅದಕ್ಕೆ.”

ಜಗಲಿಯಿಂದ ಮಾವ! ಹಳೆ ಬೀಸುಬಲೆಯ ಒಂದು ಸೀಸದ ಗುಂಡು ಹೊಟ್ಟೆಗೆ ಹುಗಿಸ್ಲಿಕ್ಕೆ ಹೇಳಿದ್ರು. ಕಪ್ಪೆ ನೆಟ್ಟಗೆ ಕೂತಿತು. ಮತ್ತೆ “ಮೂತಿ ಚೂಪು ಬೇಡ, ಅಗಲ ಇರ್ಲಿ, ಒಂಚೂರು ಗುಳಿ ತೆಗಿ” ಅಂದ್ರು. ಎಳೆದರೆ ನೀರಲ್ಲಿ ‘ಗುಳುಕ್’ ಅಂತ ಶಬ್ದ. ಮಾವನ ಅರ್ಧ ಮುಖ ನಗಾಡಿತು. ಇನ್ನರ್ಧ ಈಗ ನಗುದಿಲ್ಲ.

ಆದಿತ್ಯವಾರ ಮಳೆ ಬಿಟ್ಟದ್ದೇ ಅಟ್ಟ ಹತ್ತಿ ಕೋಲು ಇಳಿಸಿದೆ. ಕೆರೆ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮಾವನನ್ನು ಕೂರಿಸಿ, ಕುರ್ಚಿಯ ಬೆನ್ನನ್ನು ಗಟ್ಟಿ ಹಿಡ್ಕೊಂಡು ನಿಂತೆ. ಮಗ ಕಪ್ಪೆ ಕುಣಿಸಿದ. ನೀರು ಒಡೆದು ಮೀನು ಹಾರಿತು! ಇವ ಕೂಡಲೇ ಎಳೆದ, ಗಾಳ ಖಾಲಿ. “ಬಾಯಿ ಮುಚ್ಲಿಕ್ಕೆ ಬಿಡು. ಒಂದು, ಎರಡು ಎಣಿಸಿ ಮತ್ತೆ ಎಳಿ” ಅಂದ್ರು ಮಾವ.

ಪುನಃ ಹಾಕಿದಾಗ ಅದೇ ಜಾಗದಲ್ಲಿ ಪುನಃ ಹೊಡೆಯಿತು. ಮಾವ ಮುಂದೆ ಬಗ್ಗಿ ನೋಡಿದ್ರು. ನೀರಿನ ಮೇಲೆ ಕೆಂಪು ಕೆಂಪು ಎಂತದೋ ಮುದ್ದೆಯಾಗಿ ಗಿಜಿಗಿಜಿ ಅಂತಿತ್ತು.

“ಮರಿ ಉಂಟು. ಕೋಲು ತೆಗಿ.”

ಮಡೆಂಜಿಯಲ್ಲಿ ಅಪ್ಪ ಅಮ್ಮ ಎರಡೂ ಮರಿ ಕಾಯ್ತದಂತೆ. ಮೇಲಿಂದ ಎಂತ ಹೋದರೂ ಹೊಡೀತದೆ, ಹಸಿವಿಗಲ್ಲ. ದೊಡ್ಡದನ್ನು ನಾವು ಹಿಡಿದರೆ ಮರಿಯನ್ನು ಬೇರೆ ಮೀನು ತಿಂದು ಮುಗಿಸ್ತದೆ.

“ಮೊದಲು ನೀವು ಹಿಡೀತಿರ್ಲಿಲ್ವಾ ಮಾವ?” ಕೇಳಿದೆ.

“ಹಿಡಿದಿದ್ದೇನೆ ಮಗಾ” ಅಂದ್ರು. ಮತ್ತೆ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಅವತ್ತು ರಾತ್ರಿ ಗಂಜಿಗೆ ಒಣಮೀನಿನ ಚಟ್ನಿಯೇ ಗತಿ. ಕೋಲು ಪುನಃ ಅಟ್ಟಕ್ಕೆ ಹೋಗಲಿಲ್ಲ, ಜಗಲಿಯಲ್ಲಿ ಮಾವನ ಕುರ್ಚಿಗೆ ಒರಗಿ ನಿಂತಿದೆ. ಮರಿ ದೊಡ್ಡದಾಗಲಿ, ದೀಪಾವಳಿ ಕಳೆದು ನೋಡುವ ಅಂತ ಅಜ್ಜ-ಮೊಮ್ಮಗನ ಒಪ್ಪಂದ. ಅಷ್ಟರವರೆಗೆ ಟಬ್ಬಿನಲ್ಲಿ ಪರೀಕ್ಷೆ ನಡೀತಾ ಉಂಟು, ನನಗೆ ಬಟ್ಟೆ ನೆನೆಸ್ಲಿಕ್ಕೆ ಬಾಲ್ದಿಯೇ ಗಟ್ಟಿ.

ನಿಮ್ಮಲ್ಲಿ ಬಾರು ತುಂಡಾದ ಚಪ್ಪಲಿ ಇದ್ರೆ ಬಿಸಾಡ್ಬೇಡಿ, ಕಳಿಸಿ. ಹಳದಿ ಇದ್ರೆ ಒಳ್ಳೆದು, ಮಾವನಿಗೆ ಕುರ್ಚಿಯಿಂದ ಕಾಣ್ತದೆ.