ಎಂಟಡಿ ನೆರಳು

ಅಮೆರಿಕದಲ್ಲಿ ಮೋಟರ್‌ಹೋಮ್ ಇಟ್ಟುಕೊಂಡಿರುವವರನ್ನು ಮಾತಿಗೆಳೆದು ನೋಡಿ. ಇಂಜಿನ್ನು, ಮೈಲೇಜು, ಟೈರು ಎಲ್ಲ ಐದು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಶುರುವಾಗುವುದು ಆನಿಂಗ್ ಪುರಾಣ. ಗಾಡಿಯ ಬಲಮಗ್ಗುಲಲ್ಲಿ, ಬಾಗಿಲಿನ ನೆತ್ತಿಯ ಮೇಲೆ ಸುರುಳಿ ಸುತ್ತಿಕೊಂಡಿರುವ ಬಟ್ಟೆ ಅದು. ಎಳೆದರೆ ಎಂಟಡಿ ಮುಂದಕ್ಕೆ ಬಂದು ನೆರಳಾಗುತ್ತದೆ. ಅದು ಹರಿದ ಕಥೆ, ಗಾಳಿಗೆ ಮಗುಚಿ ಚಾವಣಿಯ ಆಚೆ ಬಿದ್ದ ಕಥೆ, ಹೆದ್ದಾರಿಯಲ್ಲಿ ಓಡುತ್ತಿರುವಾಗಲೇ ಬಿಚ್ಚಿಕೊಂಡ ಕಥೆ, ಹೀಗೆ ಪ್ರತಿಯೊಬ್ಬರ ಹತ್ತಿರವೂ ಒಂದಾದರೂ ಇರುತ್ತದೆ. ಲಕ್ಷ ಡಾಲರಿನ ಗಾಡಿಯಲ್ಲಿ ಇಷ್ಟು ದುರ್ಬಲವಾದದ್ದು ಇನ್ನೊಂದಿಲ್ಲ. ಆದರೂ ಅದಿಲ್ಲದಿದ್ದರೆ ಗಾಡಿ ಬರೀ ಗಾಡಿ. ಒಳಗೆ ಮಂಚ, ಒಲೆ, ಫ್ರಿಜ್ಜು, ಶವರು ಏನೇ ಇದ್ದರೂ ನಾಲ್ಕು ಜನ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಆನಿಂಗ್ ಬಿಚ್ಚಿ, ಕೆಳಗೊಂದು ಚಾಪೆ ಹಾಸಿ, ಎರಡು ಮಡಿಚುವ ಕುರ್ಚಿ ಹಾಕಿದರೆ ಅದಕ್ಕೊಂದು ಜಗಲಿ ಬಂತು, ಮನೆಯಾಯಿತು.

ಈ ದೇಶದಲ್ಲಿ ಕರೆಯದೆ ಯಾರೂ ಇನ್ನೊಬ್ಬರ ಗಾಡಿಯೊಳಗೆ ಕಾಲಿಡುವುದಿಲ್ಲ. ಆನಿಂಗ್ ಕೆಳಗೆ ಕೂತಿದ್ದೀರಿ ಅಂದರೆ ಮಾತ್ರ ಲೆಕ್ಕ ಬೇರೆ. ಹಾದುಹೋಗುವವರು ನಿಲ್ಲುತ್ತಾರೆ, ಹವಾಮಾನದಿಂದ ಶುರುಮಾಡುತ್ತಾರೆ, ನಾಯಿಯ ಹಗ್ಗವನ್ನು ಕುರ್ಚಿಯ ಕಾಲಿಗೆ ಸಿಕ್ಕಿಸಿ ಕೂತೇ ಬಿಡುತ್ತಾರೆ. ಕ್ಯಾಲಿಫೋರ್ನಿಯಾದ ನಮ್ಮ ಬೀದಿಯಲ್ಲಿ ವರ್ಷಗಟ್ಟಲೆ ಎದುರುಬದುರು ಇದ್ದೂ ಹೆಸರು ಗೊತ್ತಿಲ್ಲದ ನೆರೆಯವರಿದ್ದಾರೆ. ಇಲ್ಲಿ ಒಂದು ಸಂಜೆ ಕಳೆಯುವಷ್ಟರಲ್ಲಿ ಅಪರಿಚಿತರ ಮಂಡಿ ಆಪರೇಷನ್ನಿನ ವಿವರವೆಲ್ಲ ನಮಗೆ ಬಾಯಿಪಾಠ.

ನಮ್ಮ ಗಾಡಿ ಸೆಕೆಂಡ್ ಹ್ಯಾಂಡ್. ಆನಿಂಗೂ ಹಳೇ ಕಾಲದ್ದು, ಕೊಕ್ಕೆಕೋಲಿನಿಂದ ಎಳೆಯುವಂಥದ್ದು. ಬಟ್ಟೆಯ ಒಂದು ಅಂಚು ಗಾಡಿಯ ಮೈಗೆ ಬಿಗಿದ ಅಲ್ಯೂಮಿನಿಯಂ ಪಟ್ಟಿಯ ಸೀಳಿನಲ್ಲಿ ಕೂತಿರುತ್ತದೆ, ಇನ್ನೊಂದು ಅಂಚು ಉದ್ದನೆಯ ಕೊಳವೆಗೆ ಸಿಕ್ಕಿರುತ್ತದೆ. ಕೊಳವೆಯ ಎರಡೂ ತುದಿಯಲ್ಲಿ ಬಿಗಿಯಾಗಿ ತಿರುಚಿಟ್ಟ ಸ್ಪ್ರಿಂಗು. ಬಿಟ್ಟರೆ ಸಾಕು, ಬಟ್ಟೆಯನ್ನು ತಾನೇ ಸುತ್ತಿಕೊಳ್ಳುತ್ತದೆ. ಹೊಸ ಗಾಡಿಗಳಲ್ಲಿ ಗುಂಡಿ ಒತ್ತಿದರೆ 12 ವೋಲ್ಟಿನ ಮೋಟರು ಈ ಕೆಲಸ ಮಾಡುತ್ತದೆ. ಗಾಳಿ ಬೀಸಿ, ಕೊಳವೆಯನ್ನು ಹೊತ್ತ ತೋಳುಗಳು ಅಲುಗಾಡಿದರೆ ತಾನಾಗಿ ಮುಚ್ಚಿಕೊಳ್ಳುವ ಸೆನ್ಸರೂ ಕೆಲವಕ್ಕಿದೆ. ಕೇಳಲು ಚೆಂದ. ನನಗೆ ಅದರ ಮೇಲೆ ನಂಬಿಕೆ ಕಮ್ಮಿ. ಸೆನ್ಸರ್ ಯೋಚನೆ ಮಾಡಿ ಮೋಟರಿಗೆ ಹೇಳಿ, ಮೋಟರು ನಿಧಾನವಾಗಿ ಸುತ್ತುವಷ್ಟರಲ್ಲಿ ಮರುಭೂಮಿಯ ಗಾಳಿ ತನ್ನ ಕೆಲಸ ಮುಗಿಸಿ ಮುಂದಿನ ಗಾಡಿಗೆ ಹೋಗಿರುತ್ತದೆ.

ಬಟ್ಟೆಯಲ್ಲಿ ಎರಡು ಜಾತಿ. ಒಂದು ವಿನೈಲ್: ಅಗ್ಗ, ನೀರು ಇಳಿಯುವುದಿಲ್ಲ, ಸೋಪುನೀರಿಗೆ ಬಗ್ಗುತ್ತದೆ. ಇನ್ನೊಂದು ಅಕ್ರಿಲಿಕ್ ನೇಯ್ಗೆ. ಉತ್ತರ ಕೆರೊಲಿನಾದ ಗ್ಲೆನ್ ರೇವನ್ ಕಂಪನಿ 1961ರಲ್ಲಿ ಸನ್‌ಬ್ರೆಲ್ಲಾ ಎಂಬ ಹೆಸರಲ್ಲಿ ತಂದದ್ದು ಇದನ್ನೇ. ನೂಲು ತೆಗೆಯುವ ಮೊದಲೇ ದ್ರಾವಣಕ್ಕೆ ಬಣ್ಣ ಬೆರೆಸುವುದರಿಂದ ಎಳೆಯ ತಿರುಳಿನವರೆಗೂ ಬಣ್ಣವಿದ್ದು ಬಿಸಿಲಿಗೆ ಬೇಗ ಮಾಸುವುದಿಲ್ಲ. ಗಾಳಿಯಾಡುತ್ತದೆ, ಕೆಳಗೆ ಕೂತರೆ ಸೆಕೆ ಕಮ್ಮಿ. ಆದರೆ ಇದರಲ್ಲಿ ಒಂದು ವಿಚಿತ್ರವಿದೆ. ಬಟ್ಟೆ ಗಟ್ಟಿಮುಟ್ಟಾಗಿರುವಾಗಲೇ ಅದನ್ನು ಹೊಲಿದ ಪಾಲಿಯೆಸ್ಟರ್ ದಾರ ಬಿಸಿಲಿಗೆ ಸುಟ್ಟು ಪುಡಿಯಾಗಿರುತ್ತದೆ. ಅಂಥ ಹೊಲಿಗೆಯನ್ನು ಉಗುರಿನಿಂದ ಸುಮ್ಮನೆ ಕೆರೆದರೂ ದಾರ ಧೂಳಾಗಿ ಉದುರುತ್ತದೆ. ಅದನ್ನು ನೋಡಿ ಬಟ್ಟೆಯನ್ನೇ ಬದಲಿಸಬೇಕೆಂದು ಹೇಳುವ ಅಂಗಡಿಯವರಿದ್ದಾರೆ. ಬಿಚ್ಚಿ ಮತ್ತೆ ಹೊಲಿದರೆ ಇನ್ನೂ ಕೆಲವು ವರ್ಷ ಬರುತ್ತದೆ.

ಆನಿಂಗ್ ಹಾಳಾಗುವುದು ಬಳಸುವುದರಿಂದ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಅರ್ಧ ನಿಜ. ಬಿಚ್ಚದೆ ಇಟ್ಟದ್ದೂ ಹಾಳಾಗುತ್ತದೆ, ಅದೂ ಕಣ್ಣಿಗೆ ಬೀಳದ ಹಾಗೆ. ಸುತ್ತಿಟ್ಟಾಗ ಪಟ್ಟಿಯ ಹತ್ತಿರದ ಒಂದು ಗೇಣು ಬಟ್ಟೆ ಸುರುಳಿಯ ಹೊರಗಡೆ ಉಳಿದು, ವರ್ಷವಿಡೀ ಬಿಸಿಲು ತಿನ್ನುತ್ತದೆ. ಸೂಜಿಮೊನೆಯಂಥ ತೂತುಗಳು ಮೊದಲು ಕಾಣಿಸುವುದು ಅಲ್ಲೇ. ಒದ್ದೆ ಬಟ್ಟೆಯನ್ನು ಸುತ್ತಿಟ್ಟರಂತೂ ಕಥೆ ಮುಗಿಯಿತು. ಎರಡು ವಾರ ಬಿಟ್ಟು ಬಿಚ್ಚಿದರೆ ಬೂಷ್ಟಿನ ಕರಿಚುಕ್ಕೆಗಳ ಸಾಲು. ವಿನೈಲಿಗೆ ಬೂಷ್ಟು ಹಿಡಿಯುವುದಿಲ್ಲ, ಅದರ ಮೇಲೆ ಕೂತ ಕೊಳೆಗೆ ಹಿಡಿಯುತ್ತದೆ. ಆದ್ದರಿಂದ ಮದ್ದು ಕೊಳೆ ತೆಗೆಯುವುದೇ ಹೊರತು ಬ್ಲೀಚ್ ಸುರಿಯುವುದಲ್ಲ. ಬ್ಲೀಚು ಕಲೆಗಿಂತ ಮುಂಚೆ ಹೊಲಿಗೆಯನ್ನು ತಿನ್ನುತ್ತದೆ.

ತೊಳೆಯುವುದಕ್ಕೆ ಒಂದು ಸೋಮಾರಿ ಉಪಾಯವಿದೆ, ನನಗೆ ಬಹಳ ಇಷ್ಟ. ಬಕೆಟ್ಟು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಕಲಸಿ ಬಟ್ಟೆಯ ಮೇಲ್ಭಾಗಕ್ಕೆ ಧಾರಾಳವಾಗಿ ಹಚ್ಚಿ, ಹಾಗೇ ಸುತ್ತಿಬಿಡುವುದು. ಸುರುಳಿಯೊಳಗೆ ಮೇಲ್ಮೈ ಕೆಳಮೈಗೆ ಒತ್ತಿಕೊಂಡು ಎರಡೂ ಕಡೆ ಸೋಪು ತಾನೇ ಹಿಡಿಯುತ್ತದೆ. ಐದು ನಿಮಿಷ ಬಿಟ್ಟು ಬಿಚ್ಚಿ ಪೈಪಿನಿಂದ ನೀರು ಬಿಟ್ಟರಾಯಿತು. ಕತ್ತೆತ್ತಿ ಉಜ್ಜಿ, ಸೋಪುನೀರು ಮೊಣಕೈ ದಾಟಿ ಬಗಲಿಗಿಳಿಯುವ ಕಷ್ಟವಿಲ್ಲ. ಆಮೇಲೆ ಪೂರ್ತಿ ಒಣಗಲು ಬಿಡಬೇಕು, ಅಷ್ಟೆ.

ಮಳೆಯ ವಿಷಯಕ್ಕೆ ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. 16 ಅಡಿ ಉದ್ದ, 8 ಅಡಿ ಅಗಲದ ಬಟ್ಟೆಯ ಮೇಲೆ ಒಂದೇ ಒಂದು ಇಂಚು ನೀರು ನಿಂತರೆ ಸುಮಾರು 300 ಕಿಲೋ. ಅದನ್ನು ಹೊರಬೇಕಾದವು ಎರಡು ಸಣಕಲು ತೋಳುಗಳು. ಅದಕ್ಕೇ ಒಂದು ತೋಳನ್ನು ಇನ್ನೊಂದಕ್ಕಿಂತ ತಗ್ಗಿಸಿ ನೀರು ಒಂದು ಮೂಲೆಗೆ ಇಳಿದುಹೋಗುವಂತೆ ಮಾಡುವುದು. ಗಾಳಿಗೆ ಮಾತ್ರ ಉಪಾಯವಿಲ್ಲ, ಸುತ್ತಿಡುವುದೊಂದೇ ದಾರಿ. ಬಿಚ್ಚಿದ ಆನಿಂಗ್ ಎಂದರೆ ಹಾಯಿಯೇ ತಾನೆ. ರೋಮಿನ ಕಲೋಸಿಯಮ್ಮಿನಲ್ಲಿ ನೋಡಲು ಬಂದವರ ನೆತ್ತಿಯ ಮೇಲೆ ಬಟ್ಟೆಯ ಹೊದಿಕೆ ಎಳೆಯುತ್ತಿದ್ದರು. ಆ ಕೆಲಸಕ್ಕೆ ಮಿಸೆನಮ್ ನೌಕಾನೆಲೆಯ ನಾವಿಕರನ್ನೇ ಇಟ್ಟಿದ್ದರಂತೆ. ಗಾಳಿಗೆ ಸಿಕ್ಕ ಬಟ್ಟೆಯನ್ನು ಹಿಡಿಯಲು ಗೊತ್ತಿದ್ದವರು ಅವರೇ. ಕ್ಯಾಂಪಿನಲ್ಲಿ ನಡುರಾತ್ರಿ ಗಾಳಿಯೆದ್ದಾಗ ಪೈಜಾಮದಲ್ಲೇ ಹೊರಗೋಡಿ ಬಂದು ಕೊಕ್ಕೆಕೋಲು ಹುಡುಕುವ ನಮ್ಮಂಥ ಕಂಪ್ಯೂಟರ್ ಜನರನ್ನು ಕಂಡಾಗೆಲ್ಲ ನನಗೆ ಆ ರೋಮನ್ನರ ಜಾಣತನ ನೆನಪಾಗುತ್ತದೆ.

ನಮ್ಮ ಆನಿಂಗಿನ ಪಟ್ಟಿಯಂಚು ಪೂರ್ತಿ ಕೈಕೊಟ್ಟದ್ದು ಅರಿಜೋನಾದ ಕ್ವಾರ್ಟ್‌ಸೈಟಿನಲ್ಲಿ. ಬೇಸಿಗೆಯಲ್ಲಿ ಎರಡು ಮೂರು ಸಾವಿರ ಜನರ ಊರು. ಚಳಿಗಾಲಕ್ಕೆ ಸುತ್ತಲಿನ ಮರುಭೂಮಿಯೆಲ್ಲ ಮೋಟರ್‌ಹೋಮುಗಳು. ನಾವು ಹೋದಾಗ 180 ಡಾಲರ್ ಕಟ್ಟಿದರೆ ಸರ್ಕಾರಿ ಬಯಲಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದಿತ್ತು. ಸಣ್ಣ ಹರುಕಾಗಿದ್ದರೆ ತೇಪೆಯೇ ಸಾಕಿತ್ತು: ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ, ಪಾರದರ್ಶಕ ಟೇಪನ್ನು ಮೂಲೆಗಳು ಏಳದಂತೆ ದುಂಡಗೆ ಕತ್ತರಿಸಿ, ಎರಡೂ ಕಡೆ ಅಂಟಿಸುವುದು. ಇದು ತೇಪೆಯ ಕಾಲ ದಾಟಿತ್ತು. ಒಬ್ಬ ರಿಪೇರಿಯವನು ಬಟ್ಟೆಯ ಬೆಲೆಗಿಂತ ಹೆಚ್ಚು ಕೂಲಿ ಹೇಳಿದ, ಅದೂ ಮುಂದಿನ ತಿಂಗಳು ಬನ್ನಿ ಅಂದ. ನಾವೇ ಮಾಡಿಕೊಳ್ಳುತ್ತೇವೆಂದು ಬಟ್ಟೆ ತರಿಸಿದೆವು. ಅಳೆಯುವಾಗ ಹುಷಾರಾಗಿರಬೇಕು. ಮಾರುವವರು ಕೇಳುವುದು ತೋಳಿನ ನಡುವಿನಿಂದ ತೋಳಿನ ನಡುವಿಗೆ ಎಷ್ಟೆಂದು. ಬಟ್ಟೆ ಅದಕ್ಕಿಂತ ಅರ್ಧ ಅಡಿಯಾದರೂ ಕಮ್ಮಿಯಿರುತ್ತದೆ.

ಬಟ್ಟೆಯ ಜೊತೆ ಬಂದ ಚೀಟಿಯಲ್ಲಿ 'ನೀವೇ ಮಾಡಿಕೊಳ್ಳಬಹುದಾದ ಸುಲಭ ಕೆಲಸ' ಅಂತ ಮೊದಲ ಸಾಲು. 'ಮೂವರು ಬೇಕು, ಎರಡು ಏಣಿ ಬೇಕು' ಅಂತ ಎರಡನೆಯ ಸಾಲು. ನಾವಿದ್ದದ್ದು ಇಬ್ಬರು, ಏಣಿ ಒಂದು. ನನ್ನ ಹೆಂಡತಿ ಪಕ್ಕದ ಗಾಡಿಯ ಕಡೆ ನೋಡಿದಳು ಅಷ್ಟೆ, ಕೇಳಲೂ ಇಲ್ಲ. ಮಿನ್ನೆಸೋಟದ ನಿವೃತ್ತ ಮೆಕ್ಯಾನಿಕ್ಕು ತನ್ನ ಏಣಿ ಹೊತ್ತುಕೊಂಡು ಬಂದೇಬಿಟ್ಟ. ಹಿಂದೆಯೇ ಅವನ ಹೆಂಡತಿ ಕಾಗದ, ಪೆನ್ಸಿಲು ಹಿಡಿದು.

ಕಾಗದ ಯಾಕೆಂದು ಆಮೇಲೆ ತಿಳಿಯಿತು. ಈ ಕೆಲಸದಲ್ಲಿ ಅಪಾಯವಿರುವುದೆಲ್ಲ ಆ ಸ್ಪ್ರಿಂಗಿನಲ್ಲಿ. ತುದಿಯ ಸರಳನ್ನು ವೈಸ್‌ಗ್ರಿಪ್ಪಿನಿಂದ ಕಚ್ಚಿ ಹಿಡಿದು, ತೋಳಿನ ಬೋಲ್ಟು ಬಿಚ್ಚಿ, ಆಮೇಲೆ ಒಂದೊಂದೇ ಅರ್ಧ ಸುತ್ತು ಬಿಡುತ್ತಾ ಸ್ಪ್ರಿಂಗನ್ನು ಸಡಿಲಿಸಬೇಕು. ಎಷ್ಟು ಸುತ್ತು ಬಿಟ್ಟೆವೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಮತ್ತೆ ಅಷ್ಟೇ ಸುತ್ತು ತಿರುಚಿದರೆ ಮಾತ್ರ ಬಟ್ಟೆ ನೆಟ್ಟಗೆ ಸುತ್ತಿಕೊಳ್ಳುತ್ತದೆ. ಎಡಗಡೆಯದು ಒಂದು ದಿಕ್ಕಿಗೆ ತಿರುಗಿದರೆ ಬಲಗಡೆಯದು ಇನ್ನೊಂದು ದಿಕ್ಕಿಗೆ. ಕೈ ಜಾರಿದರೆ ವೈಸ್‌ಗ್ರಿಪ್ಪು ಗಿರಗಿರನೆ ತಿರುಗಿ ಬೆರಳು ಮುರಿಯುತ್ತದೆ. "ಮುಖ ಪಕ್ಕಕ್ಕೆ ಇಟ್ಟುಕೋ, ಎದುರಿಗೆ ನಿಲ್ಲಬೇಡ," ಅಂತ ಆತ ಮತ್ತೆ ಮತ್ತೆ ಹೇಳುತ್ತಿದ್ದ. ಅರ್ಧ ಸುತ್ತು ಬಿಟ್ಟ ಕೂಡಲೇ ಅವನ ಹೆಂಡತಿ ಗಟ್ಟಿಯಾಗಿ ಎಣಿಕೆ ಕೂಗಿ ಕಾಗದದ ಮೇಲೆ ಗೀಟು ಎಳೆಯುತ್ತಿದ್ದರು. ಆ ಕೆಲಸವನ್ನು ಅವರು ಗಂಡನಿಗೆ ಒಪ್ಪಿಸಲು ಸಿದ್ಧರಿರಲಿಲ್ಲ, ಹಿಂದೇನೋ ಆಗಿರಬೇಕು.

ಸ್ಪ್ರಿಂಗು ದಾಟಿದರೆ ಉಳಿದದ್ದು ತಾಳ್ಮೆಯ ಕೆಲಸ. ಹೊಸ ವಿನೈಲನ್ನು ಬೆಳಿಗ್ಗೆಯೇ ಬಿಸಿಲಿಗೆ ಹರವಿದ್ದೆವು. ಚಳಿಗೆ ಸೆಟೆದುಕೊಂಡಿದ್ದರೆ ಅದು ಎಲ್ಲಿಗೂ ನುಗ್ಗುವುದಿಲ್ಲ. ಸೀಳಿನ ಬಾಯಿ ಬ್ಲೇಡಿನಷ್ಟು ಹರಿತವಾಗಿತ್ತು, ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಒಳಗೆ ಸಿಲಿಕೋನ್ ಸ್ಪ್ರೇ ಹೊಡೆದೆವು. ಮೊದಲು ಕೊಳವೆ, ಆಮೇಲೆ ಗಾಡಿಯ ಪಟ್ಟಿ. ಬಟ್ಟೆಯಂಚಿನ ಮಡಿಕೆಯಲ್ಲಿ ಪ್ಲಾಸ್ಟಿಕ್ ಕಡ್ಡಿಯಿರುತ್ತದೆ. ಆ ಉಬ್ಬನ್ನು ಸೀಳಿನ ಬಾಯಿಗೆ ಕೊಟ್ಟು, ಒಬ್ಬರು ಏಣಿಯ ಮೇಲಿಂದ ಎಳೆಯಬೇಕು, ಒಬ್ಬರು ಬಾಯಿಯ ಹತ್ತಿರ ನಿಂತು ಸುಕ್ಕಾಗದಂತೆ ನುಗ್ಗಿಸಬೇಕು, ಇನ್ನೊಬ್ಬರು ಕೊಳವೆ ಹೊತ್ತು ಜೊತೆಜೊತೆಗೇ ನಡೆಯಬೇಕು. ನಡುವೆ ಒಬ್ಬರು ಜೋರಾಗಿ ಎಳೆದರೆ ಉಳಿದಿಬ್ಬರೂ ಬೈಸಿಕೊಳ್ಳುತ್ತಾರೆ. ದಾರಿಯಲ್ಲಿ ಹೋಗುತ್ತಿದ್ದ ಇನ್ನೊಬ್ಬ ಬಂದು ಕೊಳವೆಗೆ ಹೆಗಲು ಕೊಟ್ಟು, ತನ್ನ ಆನಿಂಗಿನ ಕಥೆಯನ್ನೂ ಶುರುಮಾಡಿದ. ಕೊನೆಗೆ ಬಟ್ಟೆ ಆಚೀಚೆ ಸರಿಯದಂತೆ ಎರಡೂ ತುದಿಗೆ ಸ್ಕ್ರೂ, ಅದರ ತಲೆಗೆ ನೀರಿಳಿಯದಂತೆ ಸೀಲೆಂಟು.

ಎಣಿಕೆಯ ಕಾಗದ ನೋಡಿ ಸ್ಪ್ರಿಂಗು ತಿರುಚಿ, ಬೋಲ್ಟು ಹಾಕಿ, ಒಂದು ಸಲ ಸುತ್ತಿ ಬಿಚ್ಚಿದೆವು. ಒಂದು ಸುಕ್ಕಿಲ್ಲ. ಹಳೆಯ ಬಟ್ಟೆಗೆ ಆಗಲೇ ಗಿರಾಕಿ ಬಂದಾಗಿತ್ತು. ಟೈರಿಗೆ ಬಿಸಿಲು ಬೀಳದಂತೆ ಮುಚ್ಚಲು ಮೆಕ್ಯಾನಿಕ್ಕು ಒಂದು ತುಂಡು ಕೇಳಿದ, ಕೊಳವೆ ಹೊತ್ತವನು ಇನ್ನೊಂದು. ಉಳಿದದ್ದನ್ನು ತೊಳೆದರೆ ಸಂಡಿಗೆ ಹಾಕಬಹುದೇನೋ ಅಂತ ನಾನು ಸಲಹೆ ಕೊಟ್ಟೆ. ಹೆಂಡತಿ ನನ್ನ ಕಡೆ ನೋಡಿದ ನೋಟಕ್ಕೆ ಮಾತು ಅಲ್ಲೇ ನಿಂತಿತು. ಅವಳು ಊರಿಂದ ತಂದ ಹಳೇ ಬಿಳಿಪಂಚೆಯನ್ನು ಮಡಿಚುವ ಮೇಜಿನ ಮೇಲೆ ಹರವಿ, ಅಕ್ಕಿ ಸಂಡಿಗೆ ಹಿಟ್ಟಿನ ಪಾತ್ರೆ ಇಟ್ಟು ಸುತ್ತ ನೋಡಿದಳು. ಅರಿಜೋನಾದ ಒಣ ಹವೆಗೆ ಸಂಡಿಗೆ ಸಂಜೆಯೊಳಗೇ ಒಣಗುತ್ತದೆ ಎನ್ನುವುದು ಅವಳ ಚಳಿಗಾಲದ ಲೆಕ್ಕ.

"ರೀ, ಇಲ್ಲಿ ಬಿಸಿಲೇ ಬೀಳ್ತಿಲ್ಲವಲ್ರೀ," ಅಂದಳು. "ಒಂದು ನಾಲ್ಕು ಗಂಟೆವರೆಗೆ ಅದನ್ನ ಸುತ್ತಿಡಿ."