ಗೋಧಿ ಮೂಟೆಯ ಮೇಲಿನ ಎರಡು ಕೈ

ನಮ್ಮ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರ ಕೋಣೆಯಲ್ಲಿ ಬೀರುವಿಗಿಂತ ಹೆಚ್ಚು ಜಾಗ ಹಿಡಿದಿದ್ದವು ಮೂಟೆಗಳು. 1970ರ ದಶಕದ ಮೊದಲ ವರ್ಷಗಳು, ತುಮಕೂರು ಜಿಲ್ಲೆಯ ಒಂದು ಹಳ್ಳಿ. ಮೂಟೆಯ ಮೇಲೆ ಕೈ ಕುಲುಕುವ ಎರಡು ಹಸ್ತಗಳ ಚಿತ್ರ, ಅದರ ಸುತ್ತ ಅಮೆರಿಕದ ಬಾವುಟದ ಪಟ್ಟೆ ಮತ್ತು ನಕ್ಷತ್ರ. ಇದು ಅಮೆರಿಕದ ಜನರ ಕೊಡುಗೆ, ಮಾರುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಒಳಗೆ ಗೋಧಿ ನುಚ್ಚು, ಕೆಲವು ಸಲ ಮುಸುಕಿನ ಜೋಳ ಮತ್ತು ಸೋಯಾ ಬೆರೆಸಿದ ಹಳದಿ ಹಿಟ್ಟು. ಜೊತೆಗೆ ಹಾಲಿನ ಪುಡಿ, ಎಣ್ಣೆ ಡಬ್ಬ. ‘ಕೇರ್’ ಸಂಸ್ಥೆಯ ಮೂಲಕ ಬರುತ್ತಿದ್ದ ಇವುಗಳಿಂದಲೇ ಮಧ್ಯಾಹ್ನದ ಉಪ್ಪಿಟ್ಟು. ನನ್ನ ವಯಸ್ಸಿನವರು ಇಂದಿಗೂ ಅದನ್ನು ‘ಕೇರ್ ಉಪ್ಪಿಟ್ಟು’ ಎಂದೇ ಕರೆಯುತ್ತಾರೆ. ಅದರ ರುಚಿಯನ್ನು ಹೊಗಳುವವರನ್ನೂ ಕಂಡಿದ್ದೇನೆ. ನನಗೆ ನೆನಪಿರುವುದು ಕಮಟು ವಾಸನೆ ಮತ್ತು ಹಸಿವು. ಹಸಿವೇ ದೊಡ್ಡದಿತ್ತು, ಆದ್ದರಿಂದ ತಿನ್ನುತ್ತಿದ್ದೆವು. ಖಾಲಿಯಾದ ಎಣ್ಣೆ ಡಬ್ಬಗಳು ಊರಿನ ಅರ್ಧ ಮನೆಗಳಲ್ಲಿ ನೀರಿನ ಬಕೆಟ್ಟಾಗಿದ್ದವು.

ಅಷ್ಟು ದೂರದವರು ನಮಗೇಕೆ ಕೊಡುತ್ತಾರೆ ಎಂದು ಕೇಳಿದ್ದಕ್ಕೆ, ರಾಗಿ ಬೆಳೆದು ಬದುಕಿದ ನಮ್ಮಪ್ಪ, “ಅವ್ರತ್ರ ಜಾಸ್ತಿ ಬೆಳ್ದೈತೆ ಕಣ್ಲಾ, ಇಟ್ಕಂಡ್ರೆ ರೇಟು ಬೀಳ್ತದೆ” ಅಂದಿದ್ದರು. ಮುಂದೆ ನಾನು ಓದಿದ ಎಷ್ಟೋ ಪುಸ್ತಕಗಳು ಇದನ್ನೇ ಹೆಚ್ಚು ಪುಟಗಳಲ್ಲಿ ಹೇಳಿದವು. 1954ರ ಜುಲೈನಲ್ಲಿ ಐಸೆನ್‌ಹೋವರ್ ಸಹಿ ಹಾಕಿದ ಪಿಎಲ್-480 ಕಾನೂನಿನ ಮೊದಲ ಉದ್ದೇಶ ಅಮೆರಿಕದ ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಹೆಚ್ಚುವರಿ ಧಾನ್ಯವನ್ನು ಸಾಗಿಸುವುದು. ಎರಡನೆಯ ಉದ್ದೇಶ ಅಪ್ಪನಿಗೆ ಗೊತ್ತಿರಲಿಲ್ಲ. 1949ರಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಹೋಗಿತ್ತು. ಹಸಿದ ಭಾರತವೂ ಅದೇ ದಾರಿ ಹಿಡಿದೀತು ಎಂಬ ಭಯ ವಾಷಿಂಗ್ಟನ್ನಿಗಿತ್ತು. 1955ರಲ್ಲಿ ಸೋವಿಯತ್ ಒಕ್ಕೂಟ ಭಿಲಾಯಿ ಉಕ್ಕಿನ ಕಾರ್ಖಾನೆಗೆ ಒಪ್ಪಿಕೊಂಡಿತು. ಅದೇ ವರ್ಷದ ಕೊನೆಗೆ ಕ್ರುಶ್ಚೇವ್ ಮತ್ತು ಬುಲ್ಗಾನಿನ್ ಬೆಂಗಳೂರೂ ಸೇರಿದಂತೆ ದೇಶ ಸುತ್ತಿ, ಹೋದಲ್ಲೆಲ್ಲ ಜನಸಾಗರ ಕಂಡರು. ಮರುವರ್ಷ, 1956ರಲ್ಲಿ, ಭಾರತದ ಜೊತೆ ಮೊದಲ ಪಿಎಲ್-480 ಒಪ್ಪಂದವಾಯಿತು.

ಕೊಡುವ ಕೈ ಎಂಥದ್ದೆಂದು ದೇಶಕ್ಕೆ ನಿಜವಾಗಿ ತಿಳಿದದ್ದು ಬರಗಾಲದಲ್ಲಿ. 1965 ಮತ್ತು 66ರಲ್ಲಿ ಸತತವಾಗಿ ಮಳೆ ಕೈಕೊಟ್ಟಿತು. ಭಾರತಕ್ಕೆ ವರ್ಷಕ್ಕೆ ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ಬರಬೇಕಾಯಿತು, ಅದರಲ್ಲಿ ದೊಡ್ಡ ಪಾಲು ಅಮೆರಿಕದ್ದು. ಅಧ್ಯಕ್ಷ ಜಾನ್ಸನ್ ದೀರ್ಘಾವಧಿ ಒಪ್ಪಂದ ಬಿಟ್ಟು, ತಿಂಗಳಿಗೆ ಇಷ್ಟೆಂದು ಹಡಗುಗಳನ್ನು ತಾವೇ ನಿಂತು ಬಿಡತೊಡಗಿದರು. ಭಾರತ ತನ್ನ ಕೃಷಿನೀತಿ ಬದಲಿಸಬೇಕು ಎಂಬುದು ಅವರ ಒತ್ತಾಯ. ಅದರಲ್ಲಿ ತಪ್ಪಿಲ್ಲ ಎನ್ನಬಹುದು. ಆದರೆ ವಿಯೆಟ್ನಾಮಿನ ಮೇಲಿನ ಬಾಂಬ್ ದಾಳಿಯನ್ನು ಇಂದಿರಾ ಗಾಂಧಿ ಟೀಕಿಸಿದಾಗಲೂ ಗೋಧಿಯ ಹಡಗುಗಳು ತಡವಾದವು. ಬಿಹಾರದ ಹಳ್ಳಿಯಲ್ಲಿ ಒಲೆ ಹತ್ತಬೇಕೋ ಬೇಡವೋ ಎಂಬುದು ಹನೋಯಿಯ ಬಗ್ಗೆ ದೆಹಲಿ ಆಡಿದ ಮಾತಿನ ಮೇಲೆ ನಿಂತಿತ್ತು. ನನಗೆ ಆ ಧಾನ್ಯದ ಋಣವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಹಾಗೆಂದು ಈ ಲೆಕ್ಕವನ್ನು ಮರೆಯುವುದೂ ಇಲ್ಲ. ಕೃಷಿ ಸಚಿವ ಸಿ. ಸುಬ್ರಮಣ್ಯಂ ಮೆಕ್ಸಿಕೋ ತಳಿಯ ಬಿತ್ತನೆ ಗೋಧಿ ತರಿಸಲು ಆತುರಪಟ್ಟದ್ದರ ಹಿಂದೆ ಈ ಅವಮಾನದ ಪಾಲೂ ಇದೆ.

ಹೈಸ್ಕೂಲಿಗೆ ತುಮಕೂರಿಗೆ ಬಂದಾಗ ಈ ಪೈಪೋಟಿಯ ಇನ್ನೊಂದು ಬದಿಯ ಪರಿಚಯವಾಯಿತು. ನವಕರ್ನಾಟಕದವರ ಪುಸ್ತಕ ಪ್ರದರ್ಶನಗಳಲ್ಲಿ ಮಾಸ್ಕೋದಲ್ಲಿ ಅಚ್ಚಾದ ಪುಸ್ತಕಗಳು ಒಂದೆರಡು ರೂಪಾಯಿಗೆ ಸಿಗುತ್ತಿದ್ದವು. ಗಟ್ಟಿ ರಟ್ಟು, ಹೊಲಿದ ಬೆನ್ನು, ಬಣ್ಣದ ಚಿತ್ರ. ಅದೇ ಬೆಲೆಗೆ ನಮ್ಮ ಕನ್ನಡ ಪ್ರಕಾಶಕರಿಗೆ ತೆಳು ಕಾಗದದ ಪುಸ್ತಕವನ್ನೂ ಕೊಡಲಾಗುತ್ತಿರಲಿಲ್ಲ. ‘ಸೋವಿಯತ್ ಲ್ಯಾಂಡ್’ ಪತ್ರಿಕೆ ಕನ್ನಡದಲ್ಲೂ ಬರುತ್ತಿತ್ತು. ಅದರ ನುಣುಪು ಹಾಳೆಗಳಿಂದ ಪಠ್ಯಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದೆವು. ಇಡೀ ತರಗತಿಯ ಗಣಿತ ಪುಸ್ತಕದ ಮೇಲೆ ಟ್ರ್ಯಾಕ್ಟರು, ಅಣೆಕಟ್ಟು, ನಗುವ ಹಾಲುಗಾರ್ತಿಯರು. ಆ ಪತ್ರಿಕೆಯ ಹೆಸರಿನ ನೆಹರೂ ಪ್ರಶಸ್ತಿ ನಿರಂಜನ, ಬಸವರಾಜ ಕಟ್ಟೀಮನಿ ಅವರಂಥ ನಮ್ಮ ಲೇಖಕರಿಗೂ ಬಂತು. ಚೆಕಾಫ್, ಟಾಲ್‌ಸ್ಟಾಯ್ ನನ್ನಂಥ ಹಳ್ಳಿ ಹುಡುಗನ ಕೈಗೆ ಸಿಕ್ಕಿದ್ದು ಮಾಸ್ಕೋದ ದುಡ್ಡಿನಿಂದ. ಆದರೆ ಸೋವಿಯತ್ ಶ್ರಮ ಶಿಬಿರಗಳಲ್ಲಿ ಸತ್ತವರ ಸುದ್ದಿ ಆ ಪತ್ರಿಕೆಯ ಯಾವ ಪುಟದಲ್ಲೂ ಇರಲಿಲ್ಲ. 1991ರಲ್ಲಿ ಆ ದೇಶವೇ ಇಲ್ಲವಾದಾಗ ಪುಸ್ತಕಗಳೂ ನಿಂತವು.

ಬೆಂಗಳೂರಿನಲ್ಲಿ ಅಮೆರಿಕದವರ ಗ್ರಂಥಾಲಯವೂ ಇತ್ತಂತೆ. ನನಗಿಂತ ಹಿರಿಯರು ಅಲ್ಲಿ ಕುಳಿತು ಓದಿದ್ದನ್ನು ಹೇಳುತ್ತಾರೆ. ಅದು ಮುಚ್ಚಿದ ಕಥೆಯಲ್ಲೂ ಇದೇ ಪೈಪೋಟಿ ಇದೆ. ತಿರುವನಂತಪುರದಲ್ಲಿ ಸೋವಿಯತ್ ಸಾಂಸ್ಕೃತಿಕ ಕೇಂದ್ರದ ಮಾತು ಎದ್ದು ಗದ್ದಲವಾಯಿತು. ಕಾನ್ಸುಲೇಟ್ ಇಲ್ಲದ ಊರುಗಳಲ್ಲಿ ಯಾವ ವಿದೇಶದ ಇಂಥ ಕೇಂದ್ರವೂ ಬೇಡ ಎಂದು 1970ರಲ್ಲಿ ಭಾರತ ಸರ್ಕಾರ ತೀರ್ಮಾನಿಸಿತು. ಬೆಂಗಳೂರಿನ ಗ್ರಂಥಾಲಯವೂ ಹೀಗೆ ಮುಚ್ಚಿತು. ಓದುಗರನ್ನು ಯಾರೂ ಕೇಳಲಿಲ್ಲ.

ಈ ಪೈಪೋಟಿಯಿಂದ ಕನ್ನಡಕ್ಕಾದ ಒಂದು ಲಾಭ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಪಿಎಲ್-480 ಗೋಧಿಗೆ ಭಾರತ ಡಾಲರಿನಲ್ಲಿ ಹಣ ಕೊಡುತ್ತಿರಲಿಲ್ಲ. ರೂಪಾಯಿಯಲ್ಲಿ ಕೊಡುತ್ತಿತ್ತು, ಅದು ಇಲ್ಲಿಯೇ ಅಮೆರಿಕದ ಖಾತೆಯಲ್ಲಿ ಬೆಳೆಯುತ್ತಿತ್ತು. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ ಆ ರೂಪಾಯಿಯಲ್ಲಿ ಭಾರತೀಯ ಭಾಷೆಗಳ ಹೊಸ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಎ.ಕೆ. ರಾಮಾನುಜನ್ ಪಾಠ ಹೇಳುತ್ತಿದ್ದ ಷಿಕಾಗೋಕ್ಕೂ ಕನ್ನಡ ಪುಸ್ತಕಗಳು ಹೀಗೆ ತಲುಪಿದವು. ಸಣ್ಣ ಊರಿನ ಪ್ರಕಾಶಕರು ಹೊರತಂದ, ನಮ್ಮ ಗ್ರಂಥಾಲಯಗಳಲ್ಲಿ ಗೆದ್ದಲು ಹಿಡಿದುಹೋದ ಕಾದಂಬರಿಯೊಂದು ಅಲ್ಲಿನ ಕಪಾಟಿನಲ್ಲಿ ಕ್ಷೇಮವಾಗಿರುವುದು ಅಸಾಧ್ಯವಲ್ಲ. 1974ರಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹಾನ್ ಆ ಖಾತೆಯಿಂದ 1,664 ಕೋಟಿ ರೂಪಾಯಿಯ ಚೆಕ್ ಬರೆದು ಭಾರತಕ್ಕೆ ಮರಳಿಸಿದರು. ಜಗತ್ತಿನ ಅತಿ ದೊಡ್ಡ ಮೊತ್ತದ ಚೆಕ್ ಎಂದು ಆಗ ಅದು ಹೆಸರಾಯಿತು.

ಮೂಟೆಯ ಮೇಲೆ ಹೆಸರು ಬರೆದು ಬಂದದ್ದನ್ನು ನಾನು ಒಪ್ಪಬಲ್ಲೆ. ಗುಟ್ಟಾಗಿ ಬಂದದ್ದನ್ನು ಒಪ್ಪಲಾರೆ. ‘ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ’ ಎಂಬ ಸಂಸ್ಥೆ ಜಗತ್ತಿನಾದ್ಯಂತ ಕಮ್ಯುನಿಸ್ಟ್ ವಿರೋಧಿ ಲೇಖಕರನ್ನು ಒಟ್ಟುಗೂಡಿಸಿತು. ಮುಂಬಯಿಯಲ್ಲಿ 1955ರಲ್ಲಿ ಶುರುವಾದ, ನಿಸ್ಸಿಮ್ ಎಜೆಕಿಯಲ್ ಮೊದಲ ಸಂಪಾದಕರಾಗಿದ್ದ ‘ಕ್ವೆಸ್ಟ್’ ಪತ್ರಿಕೆ ಅದರ ನೆರವಿನಿಂದ ನಡೆಯಿತು. ಆ ಸಂಸ್ಥೆಗೆ ಸಿಐಎ ಹಣ ಹರಿಯುತ್ತಿದ್ದುದು 1967ರಲ್ಲಿ ಖಚಿತವಾಯಿತು. ಸ್ವಂತ ನಂಬಿಕೆಯಿಂದ ಬರೆದ ಪ್ರಾಮಾಣಿಕರು ಕೂಡ ಬಾಡಿಗೆ ಲೇಖಕರಂತೆ ಕಾಣುವಂತಾಯಿತು. ಸ್ವಾತಂತ್ರ್ಯದ ಪರವಾದ ಮಾತಿಗೆ ಗುಟ್ಟಿನ ದುಡ್ಡು ಬೇಕಿರಲಿಲ್ಲ. ಆ ದುಡ್ಡು ಮಾತನ್ನೇ ಕೆಡಿಸಿತು. ನಮ್ಮ ಸರ್ಕಾರಕ್ಕೆ ವಿದೇಶಿ ಹಣದ ಮೇಲೆ ಅನುಮಾನ ಗಟ್ಟಿಯಾದದ್ದೂ ಆಗಲೇ. ತುರ್ತು ಪರಿಸ್ಥಿತಿಯ ನಡುವೆ, 1976ರಲ್ಲಿ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಬಂತು.

ಈಗ ಪೈಪೋಟಿಯ ಹೆಸರು ಬಜೆಟ್ಟಿನಲ್ಲೇ ಬಹಿರಂಗವಾಗಿದೆ. ರಷ್ಯಾದ ಪ್ರಭಾವ ಎದುರಿಸುವ ನಿಧಿಗೆ ಅಮೆರಿಕ 2017ರಲ್ಲಿ ಕಾನೂನು ಮಾಡಿತು. 2020ನೇ ಸಾಲಿನಲ್ಲಿ ಚೀನಾದ ಪ್ರಭಾವ ಎದುರಿಸಲು 30 ಕೋಟಿ ಡಾಲರ್, 2024ಕ್ಕೆ ಅದು 40 ಕೋಟಿ. ವಿದೇಶಿ ಅಪಪ್ರಚಾರ ಎದುರಿಸಲೆಂದೇ ಇದ್ದ ಅಮೆರಿಕದ ಗ್ಲೋಬಲ್ ಎಂಗೇಜ್‌ಮೆಂಟ್ ಸೆಂಟರ್ 2024ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ನಮ್ಮ ಮೂಟೆಗಳ ಮೇಲೆ ಆ ಹಸ್ತಗಳನ್ನು ಅಚ್ಚೊತ್ತಿದ್ದ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ನೆರವಿನ ಕೆಲಸ ನಿಲ್ಲಿಸಿತು. ಆಫ್ರಿಕಾದ ಚಿಕಿತ್ಸಾಲಯಗಳಲ್ಲಿ ಔಷಧಿ ನಂಬಿಕೊಂಡಿದ್ದವರು ಕಂಗಾಲಾದರು. ಹಳೆಯ ಕಾಲದ ಸ್ವಾರ್ಥಕ್ಕೆ ಕನಿಷ್ಠ ಕೊನೆಯ ಮನುಷ್ಯನ ಕೈಗೆ ಏನನ್ನಾದರೂ ಇಡಬೇಕು ಎಂಬ ತಿಳಿವಳಿಕೆ ಇತ್ತು. ಈಗ ನಿಧಿಯ ಹೆಸರಿನಲ್ಲಿ ಎದುರಾಳಿ ಇದ್ದಾನೆ, ಪಡೆಯುವವನಿಲ್ಲ.

ಇನ್ನೂ ದೊಡ್ಡ ಬದಲಾವಣೆಯೆಂದರೆ ಕೊಡುವವರ ಸಾಲಿಗೆ ನಾವೂ ಸೇರಿದ್ದೇವೆ. ಮಾಲ್ಡೀವ್ಸ್‌ನಲ್ಲಿ ಚೀನಾದ ಹಣದಿಂದ ಕಟ್ಟಿದ ಸೇತುವೆ 2018ರಲ್ಲಿ ತೆರೆಯಿತು. 2020ರಲ್ಲಿ ಭಾರತ ಅದಕ್ಕಿಂತ ಉದ್ದದ ಸೇತುವೆಗೆ 10 ಕೋಟಿ ಡಾಲರ್ ಅನುದಾನ, 40 ಕೋಟಿ ಡಾಲರ್ ಸಾಲ ಘೋಷಿಸಿತು. ಇಷ್ಟಾದರೂ ಅಲ್ಲಿ ‘ಇಂಡಿಯಾ ಔಟ್’ ಚಳವಳಿ ಬೆಳೆಯಿತು. 2023ರಲ್ಲಿ ಅದನ್ನು ಬೆಂಬಲಿಸಿದ ಮುಯಿಝು ಅಧ್ಯಕ್ಷರಾದರು, ಮರುವರ್ಷ ಮೇ ಹೊತ್ತಿಗೆ ಅಲ್ಲಿದ್ದ ನಮ್ಮ ಸೈನಿಕರು ವಾಪಸಾದರು. ಇಲ್ಲಿ ಹಲವರು ಅದನ್ನು ಕೃತಘ್ನತೆ ಎಂದರು. 1966ರಲ್ಲಿ ವಾಷಿಂಗ್ಟನ್ನಿನಲ್ಲಿ ನಮ್ಮ ಬಗ್ಗೆ ಆಡುತ್ತಿದ್ದುದೂ ಇದೇ ಮಾತು.

2025ರ ಜುಲೈನಲ್ಲಿ ಪ್ರಧಾನಿ ಮಾಲೆಗೆ ಹೋಗಿ 4,850 ಕೋಟಿ ರೂಪಾಯಿ ಸಾಲದ ನೆರವು ಪ್ರಕಟಿಸಿದರು. ಭಾರತದ ನೆರವಿನಲ್ಲಿ ಹುಲುಮಾಲೆಯಲ್ಲಿ ಕಟ್ಟಿದ 3,300 ಮನೆಗಳ ಹಸ್ತಾಂತರವೂ ಆಯಿತು. ಆ ಮನೆಗಳಿಗೆ ಯಾರು ಹೋದರು, ಬಾಡಿಗೆ ಎಷ್ಟು, ಅಲ್ಲಿನ ಮಕ್ಕಳಿಗೆ ಶಾಲೆ ಎಷ್ಟು ದೂರ ಎಂದು ತಿಳಿಯಲು ನಾನು ಮರುದಿನದ ಪತ್ರಿಕೆಗಳನ್ನು ಹುಡುಕಿದೆ. ನಾನು ನೋಡಿದವುಗಳಲ್ಲಿ ಇದ್ದದ್ದು ಚೀನಾಕ್ಕೆ ಎಷ್ಟು ಹಿನ್ನಡೆಯಾಯಿತು ಎಂಬ ಲೆಕ್ಕ.