ಹೆಳವರ ಹೊತ್ತಿಗೆ

ತಂದೆಯ ಹೆಸರನ್ನೂ ತಾತನ ಹೆಸರನ್ನೂ ಹೇಳಲಾರದ ಗೃಹಸ್ಥನಿಲ್ಲ. ಮುತ್ತಾತನ ಹೆಸರನ್ನು ಕೇಳಿದರೆ ಕೆಲವರು ತಡವರಿಸುವರು. ಅದಕ್ಕೂ ಮೇಲಿನ ತಲೆಯನ್ನು ಕೇಳಿದರೆ ಬಹುಮಂದಿ ಸುಮ್ಮನಾಗುವರು. ಇಂಗ್ಲೆಂಡಿನ ಹಳ್ಳಿಗಳಲ್ಲಿ 1538ನೆಯ ಇಸವಿಯಿಂದ ಇಗರ್ಜಿಯ ಪುಸ್ತಕಗಳಲ್ಲಿ ನಾಮಕರಣ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡುವ ಕ್ರಮವುಂಟಾದುದರಿಂದ, ಅಲ್ಲಿಯ ದೂರದ ದಾಯಾದಿಗಳು ಆ ಪುಟಗಳನ್ನು ತಿರುವಿ ತಮ್ಮ ಮೂಲವನ್ನು ಕಂಡುಕೊಳ್ಳುವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನಮ್ಮ ಸೀಮೆಯಲ್ಲಿ ಅಂತಹ ಪುಸ್ತಕಗಳಿಲ್ಲ. ನಮಗಿರುವ ಸಾಕ್ಷಿಗಳು ಮೂರು: ಮನೆದೇವರು, ಬೆಡಗು, ಹೆಳವರ ಹೊತ್ತಿಗೆ.

ಈ ಸೀಮೆಯ ಜನರು ಚದುರಿದುದು ಒಂದು ಸಲವಲ್ಲ. 1687ರಲ್ಲಿ ಮೊಗಲರ ಪ್ರಾಂತದ ರಾಜಧಾನಿಯಾದ ಶಿರಾ ಪಟ್ಟಣದಿಂದ, ಮುಂದೆ ಟಿಪ್ಪುವಿನ ಕಾಲದಲ್ಲಿ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದರೆಂದು ಗೆಜೆಟಿಯರಿನಲ್ಲಿ ಹೇಳಿದೆ. ಅದಕ್ಕಿಂತಲೂ ಘೋರವಾದುದು 1876ರಿಂದ 1878ರವರೆಗಿನ ಬರಗಾಲ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತಲೂ ಕಡಿಮೆಯಾಯಿತು. ಸತ್ತವರು ಸತ್ತರು, ಉಳಿದವರಲ್ಲಿ ಎಷ್ಟೋ ಮಂದಿ ದನಕರುಗಳನ್ನು ಹೊಡೆದುಕೊಂಡು ಮೇವು ನೀರು ಕಂಡ ಕಡೆಗೆ ನಡೆದುಬಿಟ್ಟರು. ಹಾಗೆ ಹೋದವರ ಸಂತತಿಯವರು ಮಡಕಶಿರಾ, ಹಿಂದೂಪುರಗಳ ಕಡೆಯಲ್ಲಿ ಇಂದಿಗೂ ಇರುವರು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಮಡಕಶಿರಾ ಆಂಧ್ರದಲ್ಲಿಯೇ ಉಳಿಯಿತು. ಮಕ್ಕಳ ಪಾಠ ತೆಲುಗಿನಲ್ಲಿ ನಡೆದರೂ ಅಲ್ಲಿಯ ಅನೇಕ ಹಳ್ಳಿಗಳ ಮನೆಮಾತು ಕನ್ನಡವೇ ಆಗಿರುವುದು.

2018ನೆಯ ಇಸವಿಯಲ್ಲಿ ಆ ಕಡೆಯ ಒಂದು ಮನೆಯಿಂದ ನನ್ನ ತಮ್ಮನ ಮಗಳಿಗೆ ಸಂಬಂಧವನ್ನು ಕೇಳಿಕೊಂಡು ಬಂದರು. ಹುಡುಗನು ಓದಿದವನು, ನಯವಂತ, ಮನೆಯವರು ಬೇಸಾಯಗಾರರು. ಹುಡುಗಿಗೂ ಅವನು ಒಪ್ಪಿಗೆಯಾಗಿದ್ದನು. ಬೆಡಗು ಯಾವುದೆಂದು ಕೇಳಿದಾಗ ಮಾತ್ರ ಅವರು ಉತ್ತರ ಕೊಡಲಾರದೆ ಹೋದರು. ಒಂದೇ ಬೆಡಗಿನವರು ಅಣ್ಣತಮ್ಮಂದಿರೆಂಬುದೂ, ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲವೆಂಬುದೂ ನಮ್ಮಲ್ಲಿ ನಡೆದುಬಂದ ಕಟ್ಟಳೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ತಲೆತಲಾಂತರದಿಂದ ತಪ್ಪದೆ ಬರುತ್ತಿರುವೆವೆಂದು ಅವರು ಹೇಳಿದರು. ಆದರೆ ಆ ಜಾತ್ರೆಗೆ ಸೀಮೆಗೆ ಸೀಮೆಯೇ ಬರುವುದರಿಂದ ಅದೊಂದೇ ಸಾಕ್ಷಿಯಾಗಲಾರದು.

ಗಂಡಸರು ಚಾವಡಿಯಲ್ಲಿ ಕುಳಿತು ಹೀಗೆ ಯೋಚಿಸುತ್ತಿರಲು, ಒಳಗೆ ನಮ್ಮ ತಾಯಿಯವರು ಹುಡುಗನ ತಾಯಿಯನ್ನು ಒಂದೇ ಮಾತು ಕೇಳಿದರು:

“ನಿಮ್ಮ ಮನೆ ಒಲೆಗೆ ಯಾವ ಸೌದೆ ಇಡೋದಿಲ್ಲಮ್ಮ?”

“ಅತ್ತಿ ಸೌದೆ ಮುಟ್ಟೋದಿಲ್ಲಮ್ಮ. ಯಾಕೋ ಗೊತ್ತಿಲ್ಲ, ನಮ್ಮತ್ತೆ ಹೇಳಿದ್ರು.”

ತಾಯಿಯವರು ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ಕೆಳಗಿಟ್ಟರು. “ಹಂಗಾದ್ರೆ ನೀವು ಬೀಗರಲ್ಲಮ್ಮ, ನಮ್ಮೋರು” ಎಂದರು.

ಬೆಡಗುಗಳಲ್ಲಿ ಹಲವು ಒಂದು ಮರ, ಬಳ್ಳಿ ಅಥವಾ ಪ್ರಾಣಿಯ ಹೆಸರನ್ನು ಹೊತ್ತಿರುವುವು. ಆ ಬೆಡಗಿನವರು ಅದನ್ನು ಕಡಿಯರು, ಸುಡರು, ತಿನ್ನರು. ನಮ್ಮದು ಅತ್ತಿಯ ಬೆಡಗು. ಅವರ ಗಂಡಸರು ಹೆಸರನ್ನು ಮರೆತಿದ್ದರು. ಬೇರೆ ಬೇರೆ ಬೆಡಗುಗಳಿಂದ ಬಂದ ಸೊಸೆಯರು ಅತ್ತೆಯ ಮಾತೆಂದು ಆಚಾರವನ್ನು ಉಳಿಸಿಕೊಂಡಿದ್ದರು.

ಆದರೂ ಒಂದು ಹೆಣ್ಣಿನ ಬಾಳಿನ ವಿಷಯವನ್ನು ಸೌದೆಯೊಂದರ ಮೇಲೆ ತೀರ್ಮಾನಿಸಬಾರದೆಂದು ನಾವು ಹೆಳವರ ಬರವನ್ನು ಕಾದೆವು. ಹೆಳವರೆಂದರೆ ಒಕ್ಕಲುಗಳ ವಂಶಾವಳಿಯನ್ನು ಬರೆದಿಟ್ಟು, ಕೆಲವು ವರ್ಷಗಳಿಗೊಮ್ಮೆ ಮನೆಯ ಮುಂದೆ ಬಂದು ಹೇಳುವ ಕುಲವೃತ್ತಿಯವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಈಗ ವಾಹನಗಳಲ್ಲಿ ಬರುವರು. ಓಲೆಗರಿಗಳ ಸ್ಥಾನದಲ್ಲಿ ಕಾಗದದ ಹೊತ್ತಿಗೆಗಳಿರುವುವು. ಹೇಳಿ ಮುಗಿಸಿದ ಮೇಲೆ ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡ್ಡಿಯನ್ನೋ ಹಣವನ್ನೋ ಪಡೆದು ಹೋಗುವರು.

ಸುಗ್ಗಿ ಮುಗಿದ ಮೇಲೆ ನಮ್ಮ ಹೆಳವರು ಬಂದರು. ಮಡಕಶಿರಾದ ಹಿರಿಯರನ್ನೂ ಕರೆಸಿದೆವು. ಹೊತ್ತಿಗೆಯಲ್ಲಿ ಧಾತು ಸಂವತ್ಸರದ ಬರವೆಂದು ಬರೆದಿತ್ತು; ಅದೇ 1876ನೆಯ ಇಸವಿ. ಅಣ್ಣನು ಊರಿನಲ್ಲಿ ಉಳಿದನು, ತಮ್ಮನು ದನ ಹೊಡೆದುಕೊಂಡು ಬಡಗ ದಿಕ್ಕಿಗೆ ಹೋದನು ಎಂದಿತ್ತು. ತಮ್ಮನ ಹೆಸರನ್ನು ಓದಿದೊಡನೆ ಆ ಹಿರಿಯರು ಎದ್ದುನಿಂತರು. ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿಯಿಂದ ಅದೇ ಹೆಸರು ಇಳಿದು ಬಂದು ಅವರ ಹೆಸರೇ ಆಗಿತ್ತು! ನಮ್ಮ ಮನೆಯಲ್ಲಿ ಆ ಹೆಸರನ್ನು ಕೇಳಿದವರೇ ಇರಲಿಲ್ಲ. ಹೋದವನನ್ನು ಸತ್ತನೆಂದೇ ಎಣಿಸಿ ಬಿಟ್ಟಿದ್ದರೆಂದು ತೋರುವುದು.

ಆಗ ಹುಡುಗಿಯು ನನ್ನನ್ನು ಕೇಳಿದಳು: “ದೊಡ್ಡಪ್ಪ, ಕಾನೂನು ಏನು ಹೇಳುತ್ತದೆ?” 1955ರ ಹಿಂದೂ ವಿವಾಹ ಶಾಸನವು ತಂದೆಯ ಕಡೆ 5 ತಲೆಗಳನ್ನೂ ತಾಯಿಯ ಕಡೆ 3 ತಲೆಗಳನ್ನೂ ಬಿಡಬೇಕೆಂದು ವಿಧಿಸಿರುವುದು. ಅವಳಿಂದ ಎಣಿಸಿದರೆ ಇಬ್ಬರಿಗೂ ಮೂಲಪುರುಷನಾದವನು 7ನೆಯ ತಲೆಯವನು. ಕಾನೂನಿನ ಅಡ್ಡಿಯಿಲ್ಲವೆಂದು ಇದ್ದುದನ್ನು ಇದ್ದಂತೆಯೇ ಹೇಳಿದೆನು. ತೀರ್ಮಾನವನ್ನು ಅವಳಿಗೂ ಹುಡುಗನಿಗೂ ಬಿಡಬೇಕೆಂದು ಹಿರಿಯರಿಗೂ ಹೇಳಿದೆನು. ಅವರಿಬ್ಬರೂ ಮಾತನಾಡಿಕೊಂಡರು. “ಅವರನ್ನು ಅಜ್ಜಿ ಅಣ್ಣ ಎಂದು ಕರೆದುಬಿಟ್ಟಳು, ಆ ಮಾತನ್ನು ದಾಟಲು ನನ್ನಿಂದಾಗದು” ಎಂದು ಅವಳು ಕೆಲವು ದಿನಗಳ ಮೇಲೆ ತಿಳಿಸಿದಳು. ಅವಳ ಮನಸ್ಸು ನೋಯಲಿಲ್ಲವೆಂದು ನಾನು ಹೇಳಲಾರೆ. ಎರಡು ವರ್ಷಗಳ ಮೇಲೆ ಬೇರೆ ಕಡೆ ಅವಳ ವಿವಾಹವಾದಾಗ, ಆ ಹುಡುಗನು ಮನೆಯ ಮಗನಾಗಿ ಬೀಗರ ಕಾಲಿಗೆ ನೀರು ಕೊಟ್ಟನು. ಈಗ ನಮ್ಮೆರಡು ಮನೆಗಳ ಒಳಿತು ಕೆಡುಕುಗಳು ಒಂದೇ ಆಗಿರುವುವು.

ಗೃಹಸ್ಥರಾದ ವಾಚಕರಲ್ಲಿ ಒಂದು ವಿಜ್ಞಾಪನೆಯುಂಟು. ಹೆಳವರ ಮಕ್ಕಳು ಓದಿ ಬೇರೆ ಉದ್ಯೋಗಗಳಿಗೆ ಹೋಗುತ್ತಿರುವರು, ಅದು ನ್ಯಾಯವೇ. ಆದಕಾರಣ ಮನೆಗೊಂದು ಹೊತ್ತಿಗೆಯನ್ನು ನಾವೇ ಬರೆದಿಡಬೇಕು. ಊರು, ಮನೆದೇವರು, ಬೆಡಗು, ಯಾವ ವರ್ಷ ಯಾರು ಎಲ್ಲಿಗೆ ಹೋದರೆಂಬುದು, ಇವಿಷ್ಟು ಅದರಲ್ಲಿರಲಿ. ನಮಗೆ ಓದಿ ಹೇಳಿದ ಹೊತ್ತಿಗೆಯಲ್ಲಿ ಗಂಡುಮಕ್ಕಳ ಹೆಸರುಗಳಲ್ಲದೆ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಮುರಿದ ವಂಶವನ್ನು ಕೂಡಿಸಿದ ಸಾಕ್ಷಿಯಾದರೋ ಅಡಿಗೆಮನೆಯಿಂದ ಬಂದಿತು. ನಾನು ಬರೆಯುತ್ತಿರುವ ಹೊತ್ತಿಗೆಯಲ್ಲಿ ತಾಯಿಯವರ ಹೆಸರು, ಅವರ ಅತ್ತೆಯ ಹೆಸರು, ಹೆಣ್ಣುಮಕ್ಕಳು ಹೋಗಿ ಸೇರಿದ ಊರುಗಳು, ಎಲ್ಲವೂ ಸೇರಿರುವುವು.